ಬಿರುಕಿನ ಮೇಲೆ ಅಂಟಿಸಿದ ಚೀಟಿ

ಹೋದ ಶುಕ್ರವಾರ ನಾನೊಂದು ಚೀಟಿ ಕಿತ್ತು ಬಿಸಾಕಿದೆ.

ಕೋರ್ಟಿನ ಕಾಗದ ಅಲ್ಲ, ಯಾರದೋ ಪ್ರೇಮಪತ್ರವೂ ಅಲ್ಲ. ಒಂದು ಗೇಣುದ್ದ, ಎರಡು ಬೆರಳಗಲ. ಕಾಪಿ ಪುಸ್ತಕದಿಂದ ಕತ್ತರಿಸಿದ ಗೆರೆ ಕಾಗದ. ಮೈದಾ ಗೋಂದು ಹಚ್ಚಿ ಗೋಡೆಗೆ ಅಂಟಿಸಿದ್ದರು. ಅದರ ಒಂದು ಮೂಲೆ ಎದ್ದಿತ್ತು. ಎದ್ದ ಮೂಲೆ ಕಂಡರೆ ನನ್ನ ಬೆರಳು ಸುಮ್ಮನಿರುತ್ತಾ? ಕಿತ್ತೆ, ಉಂಡೆ ಮಾಡಿದೆ, ಕಿಟಕಿಯಿಂದ ಆಚೆ ಎಸೆದೆ.

ಇವತ್ತು ಗುರುವಾರ. ಆರು ದಿನದಿಂದ ಕೂತಲ್ಲಿ ಕೂರೋಕಾಗ್ತಿಲ್ಲ. ಟ್ರೈನಿನಲ್ಲಿ ಸೀಟು ಸಿಕ್ಕರೂ ಬಾಗಿಲ ಹತ್ತಿರ ಹೋಗಿ ನಿಲ್ತೀನಿ. ಆಫೀಸಿನಲ್ಲಿ ಕಾಫಿಗೆ ಮೂರು ಸಲ ಎದ್ದೆ, ಒಂದು ಸಲವೂ ಲೋಟ ಖಾಲಿ ಮಾಡಲಿಲ್ಲ. "ಏನ್ ಸಾರ್, ಮೂಲವ್ಯಾಧಿನಾ?" ಅಂತ ನಮ್ಮ ಪ್ರೂಫ್ ರೀಡರ್ ಕೇಳಿದ. (ಅಲ್ಲ. ಅದಾಗಿದ್ದರೆ ಮುಲಾಮು ಸಿಗುತ್ತಿತ್ತು.)

ಈ ಅಂಕಣಕ್ಕೆ ಹೊಸದಾಗಿ ಬಂದವರಿಗೆ ನನ್ನ ಕಸುಬು ಹೇಳಿಬಿಡ್ತೀನಿ. ನಾನು ಕಟ್ಟಡಗಳ ಬಗ್ಗೆ ಬರೆಯುವವನು. ನಗಬೇಡಿ, ಅದಕ್ಕೂ ಸಂಬಳ ಕೊಡ್ತಾರೆ. ಮೊದಲು ನಾನೂ ಪ್ರೂಫ್ ನೋಡುತ್ತಿದ್ದವನೇ. ಆಮೇಲೆ ಬೆಂಗಳೂರಿನ ಚಿತ್ರಪ್ರದರ್ಶನಗಳಿಗೆ ಕಳಿಸಿದರು. ಎರಡು ವರ್ಷ ಬಣ್ಣ, ಗೆರೆ, ನೆರಳು, ಬೆಳಕು ಅಂತ ಬರೆದೆ. ಒಂದು ದಿನ ಸಂಪಾದಕರು ಕರೆದು, "ರೀ, ಚಿತ್ರ ನೋಡೋಕೆ ಹೋಗೋರು ಊರಲ್ಲಿ ನಲವತ್ತು ಜನ. ಮನೇಲಿ ಇರೋರು ಎಲ್ಲರೂ. ಮನೆ ಬಗ್ಗೆ ಬರೀರಿ" ಅಂದರು.

ಬರೆದೆ. ದೇವಸ್ಥಾನದ ಕಂಬ, ರೈಲ್ವೆ ಸ್ಟೇಷನ್ನಿನ ಕಮಾನು, ತಾಲ್ಲೂಕು ಕಚೇರಿಯ ಹೆಂಚು, ಯಾವುದನ್ನೂ ಬಿಡಲಿಲ್ಲ. ನನ್ನ ಹೆಸರಿನ ಮುಂದೆ ಯಾರೋ 'ಕಲಾ ಇತಿಹಾಸಕಾರ' ಅಂತ ಸೇರಿಸಿದರು. ಯಾರು ಅಂತ ಈಗ ನೆನಪಿಲ್ಲ. (ನಾನೇ ಇರಬೇಕು.) ಶಾಲೆಗಳ ವಾರ್ಷಿಕೋತ್ಸವಕ್ಕೆ ಕರೆದು ಹಾರ ಹಾಕತೊಡಗಿದರು. 'ಕೋಲಾರ ಜಿಲ್ಲೆಯ ಕಟ್ಟಡಗಳ ಇತಿಹಾಸ' ಅನ್ನೋ ದಪ್ಪ ಪುಸ್ತಕ ಬರೀತಿದ್ದೀನಿ ಅಂತ ಎಂಟು ವರ್ಷದಿಂದ ಎಲ್ಲರಿಗೂ ಹೇಳ್ತಿದ್ದೀನಿ. ಆಗಿರೋದು ಮೂರೇ ಅಧ್ಯಾಯ. ಒಂದು ಊರಲ್ಲಿ ನಿಂತು ಪೂರ್ತಿ ನೋಡೋ ಜಾಯಮಾನ ನನ್ನದಲ್ಲ. ಈ ಊರಿನ ಗೋಪುರದ ಕೆಳಗೆ ನಿಂತು ಮುಂದಿನ ಊರಿನ ಟ್ರೈನ್ ಟೈಮ್ ನೋಡ್ತಿರ್ತೀನಿ.

ಮನೆ ಬಂಗಾರಪೇಟೆ, ಆಫೀಸು ಬೆಂಗಳೂರು. ನೀವು ಓದೋ ಈ ಅಂಕಣಗಳಲ್ಲಿ ಅರ್ಧ ಹುಟ್ಟೋದು ಟ್ರೈನಿನಲ್ಲೇ.

ಆ ಲೇಖನವೂ ಟ್ರೈನಿನಲ್ಲೇ ಹುಟ್ಟಿತು. ನಾಲ್ಕು ತಿಂಗಳ ಹಿಂದಿನ ಮಾತು. ಚಿನ್ನದ ಗಣಿಗಳ ಕಡೆ ಹೋಗೋ ಮಾರಿಕುಪ್ಪಂ ಟ್ರೈನಿನಲ್ಲಿ ಕೂತಿದ್ದಾಗ ಕಿಟಕಿಯಿಂದ ಒಂದು ಬಂಗಲೆ ಕಂಡಿತು. ಎದುರಿಗೆ ಮೂರು ಕಮಾನು. ಗಾರೆ ಗೋಡೆ, ಮಂಗಳೂರು ಹೆಂಚು, ಜಗುಲಿಗೆ ಮರದ ಜಾಲರಿ. ಗಣಿಗೆ ಮರ ಒದಗಿಸುತ್ತಿದ್ದ ಕಂಟ್ರಾಕ್ಟರ್ ಒಬ್ಬ ಹಿಂದೊಮ್ಮೆ ತನಗಾಗಿ ಕಟ್ಟಿಸಿಕೊಂಡದ್ದಂತೆ. ಟ್ರೈನ್ ಇಳಿದು ಹಿಂದಕ್ಕೆ ನಡೆದುಕೊಂಡು ಹೋದೆ. ಅವತ್ತು ಭಾನುವಾರ, ಗೇಟಿಗೆ ಬೀಗ. ಗೇಟಿನ ಆಚೆ ನಿಂತೇ ನೋಟ್ಸ್ ಮಾಡಿಕೊಂಡೆ. ವಾಪಸ್ ಟ್ರೈನಿಗೆ ಇಪ್ಪತ್ತು ನಿಮಿಷ ಇತ್ತು. ಓಡಿದೆ.

ಏನು ಬರೆದೆ ಗೊತ್ತಾ? 'ಗಣಿಯೂರಿನ ನೆಲ ನಡುಗಿದರೂ ನಡುಗದ ಮನೆ ಇದು. ಇನ್ನು ನೂರು ವರ್ಷ ಇದರ ಒಂದು ಗೋಡೆಯೂ ಅಲ್ಲಾಡುವುದಿಲ್ಲ.'

ಗೋಡೆ ಮುಟ್ಟಿರಲಿಲ್ಲ. ಒಳಗೆ ಕಾಲಿಟ್ಟಿರಲಿಲ್ಲ. ಆದರೂ ನೂರು ವರ್ಷದ ಗ್ಯಾರಂಟಿ!

ಗಣಿಯೂರಿನವರಿಗೆ ಗೊತ್ತಿರೋದನ್ನು ಮಿಕ್ಕವರಿಗೆ ಹೇಳ್ತೀನಿ. ಅಲ್ಲಿ ನೆಲದ ಕೆಳಗೆ ಮೈಲಿಗಟ್ಟಲೆ ಕೊರೆದಿದ್ದಾರೆ. ಆ ಆಳದಲ್ಲಿ ಎಲ್ಲೋ ಒಂದು ಬಂಡೆ ಒತ್ತಡ ತಾಳಲಾರದೆ ಸಿಡಿಯುತ್ತೆ. ಮೇಲೆ ಮನೆಯಲ್ಲಿ ಪಾತ್ರೆಗಳೆಲ್ಲ ಗಡಗಡ ಅನ್ನುತ್ತವೆ. ಜನ ಅದಕ್ಕೆ 'ಬರ್ಸ್ಟ್' ಅಂತಾರೆ. ಕೆಳಗೆ ಈಗ ಯಾರ ಶಿಫ್ಟು ಅಂತ ಪ್ರತಿ ಮನೆಯಲ್ಲೂ ಮನಸ್ಸಿನಲ್ಲೇ ಲೆಕ್ಕ ನಡೆಯುತ್ತೆ. ಆಮೇಲೆ ಬಿದ್ದ ಪಾತ್ರೆ ಎತ್ತಿಡ್ತಾರೆ.

ಹೋದ ಗುರುವಾರ ಆಫೀಸಿಗೆ ಒಂದು ಕಾರ್ಡು ಬಂತು. ಮುತ್ತಿನಂಥ ಅಕ್ಷರ. 'ಸಾರ್, ತಾವು ಬರೆದ ಕಟ್ಟಡದಲ್ಲಿ ನಾನು ಪ್ರೈಮರಿ ಶಾಲೆ ನಡೆಸುತ್ತಿದ್ದೇನೆ. ತಮ್ಮ ಲೇಖನ ಓದಿದೆವು. ದಯವಿಟ್ಟು ಒಮ್ಮೆ ಬಂದು ಒಳಗೂ ನೋಡಬೇಕು. ಶುಕ್ರವಾರ ಕಟ್ಟಡದ ಯಜಮಾನರೂ ಬರುತ್ತಾರೆ. ಇತಿ, ಗೌರಮ್ಮ, ಹೆಡ್‌ಮಿಸ್ಟ್ರೆಸ್.'

ಹಾರ ಗ್ಯಾರಂಟಿ ಅಂದುಕೊಂಡೆ. ನನ್ನ ಹೆಂಡತಿ ಸಾವಿತ್ರಿಯೂ ಹಾಗೇ ಅಂದುಕೊಂಡಳು. ಇಸ್ತ್ರಿ ಜುಬ್ಬಾ ತೆಗೆದುಕೊಟ್ಟು, "ಈ ಸಲ ಹಾರ ಮನೆಗೆ ತನ್ನಿ. ಹೋದ ಸಲ ಟ್ರೈನಲ್ಲೇ ಮರೆತು ಬಂದ್ರಿ. ಒಂದು ಮೊಳ ಮಲ್ಲಿಗೆಗೂ ನಾನು ಪುಣ್ಯ ಮಾಡಿಲ್ವಾ?" ಅಂದಳು.

ಆಷಾಢದ ಗಾಳಿ. ಗಣಿಯಿಂದ ತೆಗೆದ ಮಣ್ಣನ್ನು ಅರೆದು, ಚಿನ್ನ ಹಿಂಡಿಕೊಂಡು, ಮಿಕ್ಕದ್ದನ್ನು ಗುಡ್ಡಗುಡ್ಡವಾಗಿ ಸುರಿದಿರ್ತಾರಲ್ಲ, ಸಯನೈಡ್ ಗುಡ್ಡ ಅಂತಾರೆ ಅದಕ್ಕೆ. ಗಾಳಿ ಎದ್ದರೆ ಆ ಧೂಳು ಊರೆಲ್ಲ ಹಾರುತ್ತೆ. ನಾನು ಶಾಲೆ ಮುಟ್ಟುವಷ್ಟರಲ್ಲಿ ಜುಬ್ಬಾದ ಇಸ್ತ್ರಿಯೂ ಹೋಯಿತು, ಬಣ್ಣವೂ ಹೋಯಿತು.

ಗೌರಮ್ಮ ಟೀಚರ್ ಬಾಗಿಲಲ್ಲೇ ಸಿಕ್ಕರು. ನಲವತ್ತರ ಆಸುಪಾಸು, ಸಣಕಲು ಮೈ, ಕೈತುಂಬ ಸೀಮೆಸುಣ್ಣ. ಬಂಗಾರಪೇಟೆ ಕಡೆ ಹಳ್ಳಿಯವರು. "ಬಂದ್ರಾ ಸಾರ್! ಕೂತ್ಕೊಳ್ಳಿ. ಎರಡನೇ ಕ್ಲಾಸಿನ ಮಗ್ಗಿ ಮುಗಿಸ್ಕೊಂಡು ಐದೇ ನಿಮಿಷಕ್ಕೆ ಬತ್ತೀನಿ. ಒಟ್ಟಿಗೇ ಒಳಗೋಗೋಣ" ಅಂದು ಕುರ್ಚಿ ಹಾಕಿಸಿದರು.

ಐದು ನಿಮಿಷ. ಐದೇ ಐದು ನಿಮಿಷ ಕೂತಿದ್ದರೆ ಏನು ಗಂಟು ಹೋಗ್ತಿತ್ತು ನಂದು?

ಎದ್ದೆ. ಜಗುಲಿ ಸುತ್ತಿದೆ. ಜಾಲರಿ ಮುಟ್ಟಿದೆ. ಹಿಂದಿನ ರೂಮಿಗೆ ಹೋದೆ. ಅಲ್ಲಿ ಒಂದನೇ ಕ್ಲಾಸು. ಇಪ್ಪತ್ತೆರಡು ಮಕ್ಕಳು ಸ್ಲೇಟಿನಲ್ಲಿ ಅ ಆ ಇ ಈ ತಿದ್ದುತ್ತಿದ್ದವು. ಅಷ್ಟರಲ್ಲಿ ನೆಲ ಧಡ್ ಅಂತು. ನಾನು ಹೆದರಿ ಬಾಗಿಲಿಗೆ ಹಾರಿದೆ. ಮಕ್ಕಳು ಬಿದ್ದೂ ಬಿದ್ದೂ ನಕ್ಕವು. "ಬರ್ಸ್ಟ್ ಇಲ್ಲ ಸಾರ್, ಗೂಡ್ಸ್ ವಂಡಿ!" ಬರ್ಸ್ಟ್ ಆದರೆ ಏನು ಮಾಡ್ತೀರಿ ಅಂದೆ. ಇಪ್ಪತ್ತೆರಡೂ ಒಟ್ಟಿಗೆ ಸ್ಲೇಟನ್ನು ತಲೆಯ ಮೇಲೆ ಮಗುಚಿ ಹಿಡಿದು, ಸಾಲಾಗಿ ಎದ್ದು ನಿಂತು ತೋರಿಸಿದವು. ಎಷ್ಟು ಮುದ್ದಾಗಿತ್ತು ಅಂದರೆ ಚಪ್ಪಾಳೆ ಹೊಡೆದೆ. (ಚಪ್ಪಾಳೆ ಹೊಡೆಯೋ ವಿಷಯವಾ ಅದು?)

ಆಮೇಲೆ ಗೋಡೆ ನೋಡಿದೆ.

ಮೇಲಿನ ತೊಲೆಯಿಂದ ನೆಲದವರೆಗೆ ಒಂದು ಬಿರುಕು. ನನ್ನ ಕಿರುಬೆರಳು ಹೋಗುವಷ್ಟು ಅಗಲ. ಅದರ ಉದ್ದಕ್ಕೂ ಅಡ್ಡಡ್ಡ ಕಾಗದದ ಪಟ್ಟಿಗಳು. ಹೆಚ್ಚಿನವು ನಡುವೆ ಸೀಳಿದ್ದವು. ಮಕ್ಕಳ ಕಿತಾಪತಿ ಅಂದುಕೊಂಡೆ. ಒಳ್ಳೇ ಗಾರೆ ಗೋಡೆಯನ್ನು ಗೋಂದು ಮೆತ್ತಿ ಹಾಳು ಮಾಡಿದ್ದಾರಲ್ಲ ಅಂತ ಸಿಟ್ಟೂ ಬಂತು. ಮತ್ತೆ ನನ್ನದೊಂದು ಚಾಳಿ ಇದೆ. ಹಳೇ ಗೋಡೆ ಕಂಡರೆ ಉಗುರಲ್ಲಿ ಕೆರೆದು ನೋಡ್ತೀನಿ, ಸುಣ್ಣವೋ ಸಿಮೆಂಟೋ ಅಂತ. ಎಲ್ಲಕ್ಕಿಂತ ಹೊಸದಾಗಿದ್ದ ಚೀಟಿಯ ಮೂಲೆ ಎದ್ದಿತ್ತು ಅಂದೆನಲ್ಲ. ಅದರ ಮೇಲೆ ಏನೋ ಸೊಟ್ಟಪಟ್ಟ ಗೀಚಿತ್ತು, ಒಂದನೇ ಕ್ಲಾಸಿನ ಮಗುವಿನ ಅಕ್ಷರದ ಥರ. ಚರಕ್ಕನೆ ಕಿತ್ತೆ. ಕೆಳಗಿನ ಗಾರೆ ಕೆರೆದೆ. ಶುದ್ಧ ಸುಣ್ಣ! ನನಗೆ ಖುಷಿಯೋ ಖುಷಿ.

"ಸಾರ್."

ಟೀಚರ್ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡ್ತಿರಲಿಲ್ಲ. ಗೋಡೆ ನೋಡ್ತಿದ್ದರು.

"ಆ ಚೀಟಿ ಎಲ್ಲಿ ಸಾರ್?"

"ಯಾವ ಚೀಟಿ? ಇದಾ? ಮಕ್ಕಳು ಅಂಟಿಸಿದ್ರು, ನಾನು ತೆಗೆದು..." ಅಂತ ಕಿಟಕಿ ಕಡೆ ಕೈ ತೋರಿಸಿದೆ. ಅವರು ಮಕ್ಕಳನ್ನು ದಾಟಿಕೊಂಡು ಕಿಟಕಿಗೆ ಹೋಗಿ ಆಚೆ ಬಗ್ಗಿ ನೋಡಿದರು. ಏನಾಯ್ತು ಅಂತ ಕೇಳಿದೆ.

ಆಮೇಲೆ ಹೇಳಿದರು. ಬಿರುಕು ಬೆಳೀತಿದೆಯಾ ಇಲ್ಲವಾ ಅಂತ ತಿಳಿಯೋಕೆ ಅದರ ಮೇಲೆ ಅಡ್ಡಲಾಗಿ ಚೀಟಿ ಅಂಟಿಸ್ತಾರೆ. ಗೋಡೆ ಅಲ್ಲಾಡದಿದ್ದರೆ ಚೀಟಿ ಹಾಗೇ ಇರುತ್ತೆ. ಅಲ್ಲಾಡಿದರೆ ಹರಿಯುತ್ತೆ. ಅಂಟಿಸಿದ ತಾರೀಕು ಮಸಿಯಲ್ಲಿ, ಹರಿದ ತಾರೀಕು ಕೆಂಪು ಪೆನ್ಸಿಲಿನಲ್ಲಿ. ಎರಡು ವರ್ಷದಲ್ಲಿ ಟೀಚರ್ ಹನ್ನೊಂದು ಚೀಟಿ ಅಂಟಿಸಿದ್ದರು. ಹನ್ನೊಂದೂ ಹರಿದಿದ್ದವು.

"ಯಜಮಾನ್ರು ಒಪ್ಪಲಿಲ್ಲ ಸಾರ್. ಇದು ನಮ್ಮಪ್ಪನ ಕಾಲದ ಬಿರುಕು, ನೀವೇ ಹರಿದು ತೋರಿಸ್ತೀರ ಅಂದ್ರು. ಕೊನೆಗೆ ಅವರ ಎದುರಿಗೇ ಹನ್ನೆರಡನೇದು ಅಂಟಿಸಿ, ಅದರ ಮೇಲೆ ಅವರ ಕೈಲೇ ರುಜು ಹಾಕಿಸ್ದೆ. ಇದು ಹರಿದ್ರೆ ಗೋಡೆ ಬಿಚ್ಚಿ ಹೊಸದಾಗಿ ಕಟ್ಟಿಸ್ಕೊಡ್ತೀನಿ ಅಂತ ಮಾತು ಕೊಟ್ರು. ಮಂಗಳವಾರ ಬರ್ಸ್ಟ್ ಆಯ್ತು. ಹರೀತು. ಇವತ್ತು ಮೂರು ಗಂಟೆಗೆ ಮೇಸ್ತ್ರಿನ ಕರ್ಕೊಂಡು ನೋಡೋಕೆ ಬರ್ತಿದ್ದಾರೆ."

ಹರಿದದ್ದನ್ನು ಇನ್ಯಾರಾದರೂ ನೋಡಿದ್ದಾರಾ ಅಂದೆ. "ಒಂದನೇ ಕ್ಲಾಸಿನೋರು ನೋಡವ್ರೆ" ಅಂದರು. ಆರು ವರ್ಷದ ಸಾಕ್ಷಿಗಳು.

ಮಕ್ಕಳನ್ನು ಜಗುಲಿಯಲ್ಲಿ ಕೂರಿಸಬಾರದಾ? ಕೂರಿಸಿದ್ದರಂತೆ. ಸಯನೈಡ್ ಗುಡ್ಡದ ಧೂಳಿಗೆ ಒಂದು ವಾರದಲ್ಲಿ ಅರ್ಧ ಕ್ಲಾಸು ಕೆಮ್ಮಿಕೊಂಡು ಮನೆಯಲ್ಲಿ ಮಲಗಿತು. ಬೇರೆ ಮನೆ? ನೋಡದ ಮನೆಯಿಲ್ಲ. ಶಾಲೆಗೆ ಅಂದರೆ ಯಾರೂ ಕೊಡಲ್ಲ. ರೂಮಿನ ಆಚೆ ಮೂಲೆಗೆ ಸರಿಸಿದರೆ? ಅದಕ್ಕೆ ಉತ್ತರ ನಾನೇ ಕೊಡಬಲ್ಲೆ, ಕಟ್ಟಡದ ಪಂಡಿತನಲ್ಲವಾ. ರೂಮಿನ ತೊಲೆಗಳೆಲ್ಲ ಕೂತಿರೋದು ಆ ಒಂದೇ ಗೋಡೆಯ ಮೇಲೆ. ಗೋಡೆ ಹೋದರೆ ಸೂರೂ ಹೋಗುತ್ತೆ. ಯಾವ ಮೂಲೆಯಾದರೇನು?

ಹುಡುಕಿದೆವು. ನಾನು, ಟೀಚರ್, ಎರಡನೇ ಕ್ಲಾಸು ಪೂರ್ತಿ. ಕಿಟಕಿಯ ಕೆಳಗೆ, ಬೇಲಿಯ ಸಂದಿಯಲ್ಲಿ, ರೈಲು ಹಳಿಯ ಜಲ್ಲಿಯಲ್ಲಿ. ಇಸ್ತ್ರಿ ಜುಬ್ಬಾ ಹಾಕಿಕೊಂಡ ಕಲಾ ಇತಿಹಾಸಕಾರ ಮಂಡಿಯೂರಿ ಕಳ್ಳಿಪೊದೆ ತಡಕುವುದನ್ನು ಒಂದು ಮೇಕೆ ಬಹಳ ಹೊತ್ತು ನೋಡಿತು. ಸಿಕ್ಕದ್ದು ಎರಡು ಚೂರು. ಒಂದರಲ್ಲಿ ಅರ್ಧ ರುಜು ಇತ್ತು.

ಮೂರು ಗಂಟೆಗೆ ಸಾಹುಕಾರ್ರು ಬಂದರು. (ಹೆಸರು ಬೇಡ. ಬಂಗಾರಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿ ಇದೆ, ಅಷ್ಟು ಸಾಕು.) ಕೆಟ್ಟ ಮನುಷ್ಯ ಅಂದುಕೊಳ್ಳಬೇಡಿ. ನನ್ನನ್ನು ನೋಡಿ ಅವರ ಮುಖ ಊರಗಲ ಆಯಿತು. ಟವೆಲ್ಲು ಹೆಗಲಿಂದ ತೆಗೆದು ಕೈಮುಗಿದರು.

"ಅಯ್ಯೋ ಸ್ವಾಮಿ, ನೀವಾ! ನಮ್ಮಪ್ಪ ತಗಂಡ ಬಂಗ್ಲೆನ ಪೇಪರ್ನಾಗೆ ಆಕಿ ಮಾನ ಕೊಟ್ರಿ. ನಿಮ್ ಬರವಣಿಗೇನ ಫ್ರೇಮ್ ಆಕ್ಸಿ ಮಂಡೀಲಿ ಇಟ್ಟಿವ್ನಿ. ಬಂದೋರ್ಗೆಲ್ಲ ಓದಿ ಯೋಳ್ತೀನಿ. ನೂರು ವರ್ಸ ಅಲ್ಲಾಡಾಕಿಲ್ಲ ಅಂತ."

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. (ಆ ಊರಲ್ಲಿ ಹಾಗೆಲ್ಲ ಆಸೆ ಪಡಬಾರದು, ಗೊತ್ತು.)

ಎಲ್ಲ ಹೇಳಿದೆ. ಚೀಟಿ ಕಿತ್ತವನು ನಾನು, ಟೀಚರದ್ದೇನೂ ತಪ್ಪಿಲ್ಲ ಅಂದೆ. ಎರಡು ಚೂರನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ತಿರುಗಿಸಿ, ಮುರುಗಿಸಿ, ಒಂದಕ್ಕೊಂದು ಜೋಡಿಸಿ ನೋಡಿದರು. "ಇದು ಬರ್ಸ್ಟ್ ಅರಿದಿದ್ದಾ, ನೀವು ಅರಿದಿದ್ದಾ, ಎಂಗ್ ಯೋಳಾದು?" ಅಂದರು. ನ್ಯಾಯವಾದ ಪ್ರಶ್ನೆ.

ಮೇಸ್ತ್ರಿ ಏನಂತಾನೆ ಅಂತ ತಿರುಗಿದೆ. ಅವನು ತಮಿಳಿನವನು. "ಪಳಸು ಸಾಮಿ, ರೊಂಬ ಪಳಸು" ಅಂದ, ಹಳೇದು, ತುಂಬ ಹಳೇದು ಅಂತ. ಆದರೆ ಅದನ್ನು ಹೊಸ್ತಿಲಾಚೆ ನಿಂತು ಅಂದ. ಬಂದಾಗಿನಿಂದ ರೂಮಿನೊಳಗೆ ಒಂದು ಹೆಜ್ಜೆ ಇಟ್ಟಿರಲಿಲ್ಲ.

ಸಾಹುಕಾರ್ರು ನನ್ನ ಕಡೆ ತಿರುಗಿದರು. "ಓಗ್ಲಿ ಬುಡಿ ಸ್ವಾಮಿ. ನೀವು ದೊಡ್ಡೋರು, ತಿಳಿದೋರು. ನೀವೇ ಯೋಳಿ. ನೀವು ಕೀಳಾಕ್ ಮುಂಚೆ ಚೀಟಿ ಅರಿದಿತ್ತಾ, ಇಲ್ವಾ? ಅರಿದಿತ್ತು ಅಂತ ನಿಮ್ ಬಾಯಾಗ್ ಬಂದ್ರೆ ಸಾಕು. ನಾಳೇನೇ ಗೋಡೆ ಬಿಚ್ಚಿಸ್ತೀನಿ. ನಿಮ್ ಮಾತಿಗಿಂತ ಬ್ಯಾರೆ ಸಾಕ್ಸಿ ಬ್ಯಾಡ ನಂಗೆ."

ಒಂದು ಮಾತು. 'ಹರಿದಿತ್ತು.' ಅಷ್ಟೇ.

ಟೀಚರ್ ನನ್ನ ಬಾಯನ್ನೇ ನೋಡ್ತಿದ್ದರು. ನಾನು ನೆನಪು ಮಾಡಿಕೊಳ್ಳೋಕೆ ಹೆಣಗಾಡಿದೆ. ಮೂಲೆ ಎದ್ದಿತ್ತು. ಗೀಚಿತ್ತು. ಕಿತ್ತೆ. ನಡುವೆ ಸೀಳಿತ್ತಾ? ಕೈಗೆ ಒಂದು ತುಂಡಾಗಿ ಬಂತಾ, ಎರಡಾಗಿ ಬಂತಾ? ಏನೂ ನೆನಪಿಲ್ಲ. ನನ್ನ ಕಣ್ಣು ಕಾಗದದ ಮೇಲೆ ಇರಲೇ ಇಲ್ಲ, ಆಗಲೇ ಅದರ ಕೆಳಗಿನ ಗಾರೆಗೆ ಹೋಗಿತ್ತು.

"ನಾನು ನೋಡಲಿಲ್ಲ" ಅಂದೆ.

ಶಭಾಷ್, ಸತ್ಯವಂತ ಅಂತ ದಯವಿಟ್ಟು ಕಾಗದ ಬರೀಬೇಡಿ. ಅವತ್ತು ನನ್ನ ಬಾಯಿಂದ ಸತ್ಯ ಬಂದದ್ದು ಧರ್ಮಬುದ್ಧಿಯಿಂದ ಅಲ್ಲ. ಆ ಮನುಷ್ಯ ನನ್ನನ್ನು ಅಷ್ಟೊಂದು ನಂಬಿದ್ದನ್ನು ನೋಡಿ ಹೆದರಿಕೆಯಾಯಿತು, ಅಷ್ಟೇ. ನಾನು ಮೊದಲು ಹೇಳಿದ ಒಂದು ಸುಳ್ಳು ಆಗಲೇ ಫ್ರೇಮಿನಲ್ಲಿ ಕೂತಿತ್ತು. ಎರಡನೇದಕ್ಕೆ ನಾಲಿಗೆ ಏಳಲಿಲ್ಲ.

"ಆದರೆ ನನ್ನ ಲೇಖನವೂ ತಪ್ಪು" ಅಂತ ಸೇರಿಸಿದೆ. "ಅವತ್ತು ನಾನು ಗೇಟಿನ ಒಳಗೇ ಬಂದಿರಲಿಲ್ಲ. ನೂರು ವರ್ಷ ಅಂದದ್ದೆಲ್ಲ ಸುಮ್ಮನೆ ಬರೆದದ್ದು."

ಸಾಹುಕಾರ್ರು ನಕ್ಕರು. ಪ್ರೀತಿಯಿಂದ ನಕ್ಕರು, ಅದೇ ಕಷ್ಟ. "ಪೇಪರ್ನಾಗೆ ಬಂದದ್ದು ಎಂಗ್ ಸುಳ್ಳಾಯ್ತದೆ ಸ್ವಾಮಿ? ಟೀಚರಮ್ಮನ್ ಮಕ ನೋಡಿ ಕರುಳು ಚುರ್ ಅಂದು ಅಂಗಂತೀರಿ."

ಹದಿಮೂರನೇ ಚೀಟಿ ಅಂಟಿಸಿದ್ದಾಯಿತು. ಸಾಹುಕಾರ್ರು ರುಜು ಹಾಕಿದರು. ನನ್ನ ಕೈಲೂ ಹಾಕಿಸಿದರು. "ಇದು ಅರಿದ ದಿನಾನೇ ಕೆಲಸ ಸುರು, ಯಾಕ್ ಯೋಚ್ನೆ ಮಾಡ್ತೀರಾ ಟೀಚರಮ್ಮ" ಅಂದು ಹೊರಟರು.

ನಿಮಗೆ ಅರ್ಥ ಆಯಿತಲ್ಲ? ಈಗ ಟೀಚರಿಗೆ ಗೋಡೆ ಬೇಕಾದರೆ ಇನ್ನೊಂದು ಬರ್ಸ್ಟ್ ಆಗಬೇಕು.

ಗೇಟಿನವರೆಗೆ ಅವರು ನನ್ನ ಜೊತೆ ಬಂದರು. ಸಮಾಧಾನ ಹೇಳ್ತಾರೇನೋ ಅಂದುಕೊಂಡೆ. "ಕೋಪ ಇಲ್ಲ ಅಂತ ಹೇಳಲ್ಲ ಸಾರ್. ಇದೆ. ಬೇಕಾದಷ್ಟಿದೆ" ಅಂದರು. "ಎರಡು ಸಲ ಬಂದ್ರಿ ನೀವು. ಒಂದು ಸಲ ಆಚೆ ನಿಂತು ಬರೆದ್ರಿ. ಇನ್ನೊಂದು ಸಲ ಒಳಗೆ ಬಂದು ಕಿತ್ತಿರಿ. ಐದು ನಿಮಿಷ ಕೂತ್ಕೊಳ್ಳಿ ಅಂದಿದ್ನಲ್ಲ ಸಾರ್, ಯಾಕೆ ಕೂರಲಿಲ್ಲ?"

ಟ್ರೈನಿಗೆ ಹೊತ್ತಾಯಿತು ಅಂತ ಗೊಣಗಿ ಸ್ಟೇಷನ್ ಕಡೆ ನಡೆದೆ.

ಬರಿಗೈಯಲ್ಲಿ ಮನೆಗೆ ಬಂದೆ. ಸಾವಿತ್ರಿ ಎಲ್ಲ ಕೇಳಿಸಿಕೊಂಡಳು. ತಮಾಷೆ ಮಾಡಲಿಲ್ಲ. ಮಗಳಿಗೂ ನನಗೂ ತಟ್ಟೆ ಇಡುತ್ತಾ ಒಂದೇ ಮಾತು ಕೇಳಿದಳು. "ನಮ್ಮ ಪುಟ್ಟಿ ಆ ಒಂದನೇ ಕ್ಲಾಸಲ್ಲಿ ಕೂತಿದ್ದಿದ್ರೆ ಏನಂತಿದ್ರಿ?"

ಹರಿದಿತ್ತು ಅಂತಿದ್ದೆ. ಕಣ್ಣು ಮಿಟುಕಿಸದೆ ಅಂತಿದ್ದೆ. ಈ ಉತ್ತರ ಎಷ್ಟು ಬೇಗ ಬಂತು ಅಂತ ನನಗೇ ನಾಚಿಕೆಯಾಯಿತು.

ನಾನೊಬ್ಬನೇ ಹೀಗಾ? ಸುತ್ತ ನೋಡಿ. ಹೆಣ್ಣು ನೋಡೋಕೆ ಹೋದವರು ಉಪ್ಪಿಟ್ಟು ತಿಂದು 'ಒಳ್ಳೇ ಮನೆತನ' ಅಂತಾರೆ. ಡಾಕ್ಟರು ಕುರ್ಚಿಯಿಂದ ಏಳದೆ 'ಏನಿಲ್ಲ, ಗ್ಯಾಸ್ಟ್ರಿಕ್ಕು' ಅಂತಾರೆ. ಭಾಷಣಕ್ಕೆ ಬಂದವರು ಸ್ಟೇಷನ್ನಿನಿಂದ ಛತ್ರಕ್ಕೆ ಜಟಕಾದಲ್ಲಿ ಬಂದಷ್ಟರಲ್ಲೇ 'ನಿಮ್ಮ ಊರು ಬಹಳ ಮುಂದುವರಿದಿದೆ' ಅಂತಾರೆ. ಎಲ್ಲರಿಗೂ ಟ್ರೈನಿಗೆ ಹೊತ್ತಾಗಿರುತ್ತೆ. ಎಲ್ಲರ ಹತ್ತಿರವೂ ಒಂದು ಸರ್ಟಿಫಿಕೇಟು ಸಿದ್ಧವಾಗಿರುತ್ತೆ. ಅದನ್ನು ನಂಬಿಕೊಂಡು ಒಳಗೆ ಕೂರೋರು ಮಾತ್ರ ಬೇರೆಯವರು.

ಸೋಮವಾರ ಆಫೀಸಿಗೆ ರಜೆ ಹಾಕಿದೆ. ಮತ್ತೆ ಮಾರಿಕುಪ್ಪಂ ಟ್ರೈನು ಹತ್ತಿದೆ. ಶಾಲೆಗೆ ಹೋಗಿ, ಟೀಚರ್ ಹಾಕಿಸಿದ ಕುರ್ಚಿಯಲ್ಲಿ ಅವರು ಕರೆಯುವವರೆಗೆ ಕೂತೆ. (ಸುಲಭ ಅಂದುಕೊಂಡ್ರಾ? ಕಾಲು ಕುಣೀತಿತ್ತು.) ಆಮೇಲೆ ಹನ್ನೊಂದು ಚೀಟಿಯ ತಾರೀಕನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಮಸಿಯದೊಂದು, ಕೆಂಪಿನದೊಂದು. ಒಂದು ಚೀಟಿಯನ್ನೂ ಬೆರಳಿನಿಂದ ಮುಟ್ಟಲಿಲ್ಲ.

ಸಂಜೆ ಟ್ರೈನಿನಲ್ಲಿ ಶಿಫ್ಟು ಮುಗಿಸಿ ಬಂದ ಗಣಿ ಕಾರ್ಮಿಕರ ಮಧ್ಯೆ ಕೂತು ಒಂದೊಂದೇ ಕೆಂಪು ತಾರೀಕು ಓದಿದೆ. ಕ್ಯಾಲೆಂಡರ್ ಯಾರಿಗೆ ನೆನಪಿರುತ್ತೆ ಅಂತೀರಾ? ಅವರಿಗೆ ಇರುತ್ತೆ. "ದೀಪಾವಳಿ ಮಾರನೇ ದಿನ, ಅಲ್ವಾ? ನಮ್ಮ ಬಾವಮೈದನ ಕಾಲು ಹೋಯ್ತಲ್ಲ, ಅವತ್ತೇ." "ಅದು ಸಂಕ್ರಾಂತಿಗೆ ಮುಂಚೆ. ಏಳು ಗಂಟೆ ಒಳಗೇ ಸಿಕ್ಕಾಕೊಂಡಿದ್ವಿ." ಟೀಚರ್ ಕೆಂಪು ಪೆನ್ಸಿಲಿನಲ್ಲಿ ಬರೆದ ಹನ್ನೊಂದರಲ್ಲಿ ಒಂಬತ್ತು ತಾರೀಕಿಗೆ ಬರ್ಸ್ಟ್ ಆಗಿದ್ದನ್ನು ಅವರು ಒಬ್ಬರಲ್ಲ, ನಾಲ್ಕೈದು ಜನ ಹೇಳಿದರು. ಎರಡು ಯಾರಿಗೂ ನೆನಪಾಗಲಿಲ್ಲ. ಆ ಎರಡನ್ನು ನೆನಪಿಲ್ಲ ಅಂತಲೇ ಬರೆದುಕೊಂಡಿದ್ದೀನಿ.

ಬಂಗಾರಪೇಟೆ ಬಂದದ್ದೇ ಗೊತ್ತಾಗಲಿಲ್ಲ. ಹ್ಞಾಂ, ಅವತ್ತು ಕೂತೇ ಬಂದೆ. ಇಷ್ಟು ವರ್ಷದ ನನ್ನ ಕಸುಬಿನಲ್ಲಿ ಒಂದು ಗೋಡೆಯ ಇತಿಹಾಸವನ್ನು ಸರಿಯಾಗಿ ಬರೆದುಕೊಂಡದ್ದು ಇದೇ ಮೊದಲು. ಅದನ್ನೂ ಬರೆದಿಟ್ಟವರು ಪ್ರೈಮರಿ ಶಾಲೆಯ ಟೀಚರಮ್ಮ, ನಾನು ಬರೀ ಕಾಪಿ ಹೊಡೆದೆ.

ಮಂಗಳವಾರ ನೋಟ್‌ಬುಕ್ ಹಿಡಿದು ಹುಣಸೆಹಣ್ಣಿನ ಮಂಡಿಗೆ ಹೋದೆ. ಸಾಹುಕಾರ್ರು ಕಾಫಿ ತರಿಸಿದರು. ಪೂರ್ತಿ ಕೇಳಿದರು. ಒಂಬತ್ತು ತಾರೀಕನ್ನೂ ಎರಡೆರಡು ಸಲ ಓದಿಸಿದರು. ಕೊನೆಗೆ ತಲೆ ಕೆರೆದುಕೊಂಡು ಅಂದರು: "ಟ್ರೈನಿನೋರ್ ಮಾತು ಸ್ವಾಮಿ, ಅದು. ನಾನು ರುಜು ಆಕಿವ್ನಿ, ನೀವೂ ಆಕಿದೀರಿ. ಅದು ಅರೀಲಿ. ಅಲ್ಲೀಗಂಟ ಕಾಯಾನ. ಇಲ್ಲಾಂದ್ರೆ, ನೀವು ಬರ್ದಿದ್ದು ಸುಳ್ಳು ಅಂತ ನೀವೇ ಪೇಪರ್ನಾಗೆ ಅಚ್ಚಾಕ್ಸಿ. ಆಗ ನಂಬ್ತೀನಿ." ನಾನು ಹಾಗೆ ಮಾಡ್ತೀನಿ ಅಂತ ಅವರು ಅಂದುಕೊಂಡಿರಲಿಲ್ಲ. ತನ್ನ ಮಾನ ತಾನೇ ಯಾರು ಕಳ್ಕೋತಾರೆ?

ಸಂಪಾದಕರು ಬೇಡ ಅಂದರು. "ನಿಮ್ಮ ಹಳೇ ಲೇಖನಗಳನ್ನೂ ಜನ ಅನುಮಾನ ಪಡ್ತಾರೆ, ಯೋಚನೆ ಮಾಡಿ" ಅಂದರು. ಪಡಲಿ. ಅನುಮಾನ ಪಡಬೇಕಾದದ್ದೇ. ಅದರಲ್ಲಿ ಎಷ್ಟು ಕಟ್ಟಡಕ್ಕೆ ನಾನು ಒಳಗೆ ಹೋಗಿದ್ದೆ ಅಂತ ಲೆಕ್ಕ ಹಾಕೋಕೆ ನನಗೇ ಭಯ.

ಆದ್ದರಿಂದ ಸಾಹುಕಾರ್ರೇ, ಇಗೋ ಅಚ್ಚಾಕಿಸಿದ್ದೀನಿ. ಭಾನುವಾರ ನಿಮ್ಮ ಮಂಡಿಗೆ ಪೇಪರ್ ಬರುತ್ತೆ. ನಿಧಾನವಾಗಿ ಓದಿ. ನಾಲ್ಕು ತಿಂಗಳ ಹಿಂದೆ ನಿಮ್ಮ ಬಂಗಲೆಯ ಬಗ್ಗೆ ನಾನು ಬರೆದದ್ದು ಸುಳ್ಳು. ಗೇಟಿನ ಆಚೆ ನಿಂತು ಬರೆದ ಸುಳ್ಳು. ಹಿಂದಿನ ರೂಮಿನ ಗೋಡೆ ಅಲ್ಲಾಡ್ತಿದೆ. ಎರಡು ವರ್ಷದಿಂದ ಅಲ್ಲಾಡ್ತಿದೆ. ನಾನು ಕಿತ್ತ ಚೀಟಿ ಹರಿದಿತ್ತಾ ಇಲ್ಲವಾ, ನನಗೆ ಗೊತ್ತಿಲ್ಲ. ಉಳಿದ ಹನ್ನೊಂದು ಹರಿದಿವೆ, ಅದನ್ನು ನನ್ನ ಕಣ್ಣಾರೆ ನೋಡಿದ್ದೀನಿ. ನಿಮ್ಮ ಮೇಸ್ತ್ರಿಯನ್ನು ಆ ಗೋಡೆಯ ಬುಡದಲ್ಲಿ ಐದು ನಿಮಿಷ ಕೂರಿಸಿ ನೋಡಿ, ಕೂರ್ತಾನಾ ಅಂತ.

ನಾಳೆ ಶುಕ್ರವಾರ. ಹತ್ತು ಗಂಟೆಗೆ ಬೆಲ್ ಹೊಡೆಯುತ್ತೆ, ಇಪ್ಪತ್ತೆರಡು ಮಕ್ಕಳು ಆ ರೂಮಿಗೆ ಹೋಗಿ ಸ್ಲೇಟು ತೆಗೀತಾರೆ. ಶನಿವಾರವೂ ತೆಗೀತಾರೆ. ಸೋಮವಾರವೂ.

ಚೀಟಿ ಹರಿಯಲಿ, ಕಾಯೋಣ ಅಂತೀರಿ. ಮುಂದಿನ ಸಲ ಬರೀ ಚೀಟಿ ಮಾತ್ರ ಹರಿಯುತ್ತೆ ಅಂತ ನಿಮಗೆ ಯಾರು ಬರೆದುಕೊಟ್ಟಿದ್ದಾರೆ ಸಾಹುಕಾರ್ರೇ?